ತಾರಸಿ ಹಾಕಿದ ರಾತ್ರಿ

ಊರಿಗೆ ಊರೇ ಮಳೆಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದ ಜೂನ್ ತಿಂಗಳು ಅದು. ಆದರೂ ಆ ಒಂದು ರಾತ್ರಿ ಮಾತ್ರ ಮಳೆ ಬರಬಾರದಿತ್ತು. ಕ್ರಿಸ್ಮಸ್ ಹೊತ್ತಿಗೆ ಹಿಂದೂಪುರದ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ, ರಾತ್ರಿ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ಮಕ್ಕಳು ನನ್ನಿಂದ ಹೇಳಿಸುವುದು ಈ ಕಥೆಯನ್ನೇ. ಅವರು ದೊಡ್ಡಪ್ಪನನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾರೆ.

ದೊಡ್ಡಪ್ಪ ಗಾರೆ ಮೇಸ್ತ್ರಿ. ಓದು ಬರಹ ಬರುತ್ತಿರಲಿಲ್ಲ. ಆದರೆ ಗೋಡೆಯನ್ನು ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಎಲ್ಲಿ ಓರೆಯಾಗಿದೆ ಅಂತ ಹೇಳಿಬಿಡುತ್ತಿದ್ದರು. ಆಮೇಲೆ ತೂಗುಗುಂಡು ಬಿಟ್ಟು ನೋಡಿದರೆ ಅವರು ಹೇಳಿದ್ದೇ ಸರಿ ಇರುತ್ತಿತ್ತು. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ಬೆಳಗಿನ ರೈಲು ಹತ್ತಿ ಅಲ್ಲಿಗೆ ಹೊರಟರು. ದೊಡ್ಡಪ್ಪನೂ ಹೋದರು, ಒಳ್ಳೆಯ ಹೆಸರನ್ನೂ ತೆಗೆದುಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಅದನ್ನು ಬಿಟ್ಟು ಕಲ್ಯಾಣದುರ್ಗದ ಹಳ್ಳಿಗಳಲ್ಲಿ ಸಣ್ಣ ಮನೆ ಕಟ್ಟಲು ಹೊರಟಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಕೂಲಿ ಕಡಿಮೆ, ಊರು ದೂರ, ಕುಡಿಯುವ ನೀರಿಗೂ ತತ್ವಾರ. ಅಜ್ಜಿ ಎರಡು ದಿನ ಅವರ ಹತ್ತಿರ ಮಾತೇ ಆಡಲಿಲ್ಲ.

ಬೇಸಿಗೆ ರಜೆ ಮುಗಿಯುವ ಮುಂಚೆ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಹೋದರು. ಹಿಂದೂಪುರದ ಮಂಡಿಯಲ್ಲಿ ಬೆಲ್ಲ, ಹುಣಸೆಹಣ್ಣು ಕಟ್ಟಿಸಿಕೊಂಡು ಬಸ್ಸು ಹತ್ತಿದೆವು. ಮಡಕಶಿರಾ ದಾಟಿದರೆ ಪಾವಗಡ, ಅಲ್ಲಿಂದ ಮುಂದೆ ಕಲ್ಯಾಣದುರ್ಗ. ಆಂಧ್ರದಿಂದ ಹೊರಟು, ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೇ ಇಳಿಯುವ ದಾರಿ. ಅಂಗಡಿ ಬೋರ್ಡುಗಳ ಅಕ್ಷರ ಬದಲಾಗುತ್ತಿತ್ತು. ಬದಿಯ ಹೊಲಗಳು ಮಾತ್ರ ಎರಡೂ ಕಡೆ ಒಂದೇ ಥರ ಕೆಂಪಗೆ, ಬಿರುಕು ಬಿಟ್ಟು ಬಿದ್ದಿದ್ದವು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮುಂಗಾರು ಘಟ್ಟದಲ್ಲೇ ಸುರಿದು ಹಗುರಾಗಿ ಬರುತ್ತದೆ, ಹಿಂಗಾರು ಕರಾವಳಿಯಿಂದ ಇಲ್ಲಿಗೆ ತಲುಪುವಷ್ಟರಲ್ಲಿ ಸೋತಿರುತ್ತದೆ. ಅಷ್ಟನ್ನೇ ನಂಬಿಕೊಂಡು ಜನ ಶೇಂಗಾ ಬಿತ್ತುತ್ತಾರೆ.

ಆ ಮನೆಗಳನ್ನು ಕಟ್ಟಿಸುತ್ತಿದ್ದದ್ದು ಅನಂತಪುರದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಅದನ್ನು ಕಟ್ಟಿದ ವಿಸೆಂಟ್ ಫೆರರ್ ಕಥೆಯನ್ನು ದೊಡ್ಡಪ್ಪ ಬಸ್ಸಿನಲ್ಲೇ ಹೇಳಿದ್ದರು. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು, 1952ರಲ್ಲಿ ಯೇಸುಸಭೆಯವರಾಗಿ ಭಾರತಕ್ಕೆ ಬಂದವರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ಬಡ ರೈತರ ಜೊತೆ ನಿಂತು ಬಾವಿ ತೋಡಿಸಿದರು. ಅಲ್ಲಿನ ಬಲಾಢ್ಯರಿಗೆ ಅದು ಸರಿಬರಲಿಲ್ಲ. 1968ರಲ್ಲಿ ದೇಶ ಬಿಡಬೇಕೆಂಬ ಆಜ್ಞೆ ಬಂತು, ಸಾವಿರಾರು ರೈತರು ಅವರ ಪರವಾಗಿ ಬೀದಿಗಿಳಿದರು. ಮರಳಿ ಬರಲು ಅನುಮತಿ ಸಿಕ್ಕಾಗ, 1969ರಲ್ಲಿ, ಬಂದು ನೆಲೆಸಿದ್ದು ಈ ಬರದ ಸೀಮೆಯಲ್ಲಿ. ಮರುವರ್ಷ ಸಭೆ ಬಿಟ್ಟು, ಆನ್ ಪೆರ್ರಿ ಎಂಬ ಇಂಗ್ಲಿಷ್ ಪತ್ರಕರ್ತೆಯನ್ನು ಮದುವೆಯಾದರು. ಆದರೂ ನಮ್ಮ ಜನರ ಬಾಯಲ್ಲಿ ಅವರು ಕೊನೆತನಕ ‘ಫಾದರ್’ ಆಗಿಯೇ ಉಳಿದರು. ಜನರ ಆ ತೀರ್ಮಾನ ನನಗೆ ಈಗಲೂ ಸರಿ ಅನಿಸುತ್ತದೆ.

ಕಲ್ಯಾಣದುರ್ಗದಿಂದ ಒಳಗೆ ಒಂದು ಹಳ್ಳಿ. ಊರ ಹೊರಗಿನ ಕಾಲೋನಿಯಲ್ಲಿ ಗುಡಿಸಲುಗಳ ಪಕ್ಕದಲ್ಲೇ ಹೊಸ ಗೋಡೆಗಳು ಎದ್ದಿದ್ದವು. ನಾವು ಹೋದಾಗ ಒಬ್ಬ ಅಕ್ಕನ ಮನೆಗೆ ತಾರಸಿ ಹಾಕುವುದಿತ್ತು. ಆಕೆಗೆ ಗಂಡ ಇರಲಿಲ್ಲ, ಮನೆ ಆಕೆಯ ಹೆಸರಿನಲ್ಲೇ. ಸೆಂಟ್ರಿಂಗ್ ಮುಗಿದು ಕಬ್ಬಿಣ ಕಟ್ಟಿ ಆಗಿತ್ತು. ತಾರಸಿಯನ್ನು ಒಂದೇ ಪಟ್ಟಿಗೆ ಮುಗಿಸಬೇಕು. ಮಧ್ಯೆ ನಿಲ್ಲಿಸಿದರೆ ಹಳೆಯದು ಹೊಸದು ಕೂಡಿದ ಕಡೆ ಮುಂದೆ ಸೋರುತ್ತದೆ. ಬೆಳಿಗ್ಗೆಯಿಂದ ಕಾಲೋನಿಯ ಹೆಂಗಸರು ಸಾಲಾಗಿ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮೇಲೆ ದೊಡ್ಡಪ್ಪ ಮಂಡಿಯೂರಿ ಕೂತು, ಮಟ್ಟಗೋಲು ಎಳೆಯುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು. ಊಟಕ್ಕೆ ಕೂತಿದ್ದೆವು. ಪಡುವಣದಲ್ಲಿ ಮಿಂಚು ಕಂಡಿತು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹಸಿ ತಾರಸಿಯ ಮೇಲೆ ಜೋರು ಮಳೆ ಬಿದ್ದರೆ ಸಿಮೆಂಟೆಲ್ಲ ತೊಳೆದು ಜಲ್ಲಿ ಮೇಲೇಳುತ್ತದೆ. ಮಳೆ ಹೋಗಲಿ ಅನ್ನೋಣವೆಂದರೆ, ಬಿತ್ತನೆ ಬೀಜ ಸಾಲ ತಂದು ಇಟ್ಟುಕೊಂಡ ಮನೆಗಳೇ ಸುತ್ತಲೂ.

“ದೊಡ್ಡಪ್ಪ, ಮಳೆ ನಿಲ್ಲಲಿ ಅಂತ ಪ್ರಾರ್ಥನೆ ಮಾಡ್ಲಾ?” ಅಂದೆ.

“ಬ್ಯಾಡ ಮಗಾ. ಈ ಜನ ಬೇಡ್ಕೊಂಡಿದ್ದು ಈಗ ಬರ್ತಾ ಇದೆ. ನಾವು ಟಾರ್ಪಾಲು ಕೇಳಾನ, ನಡಿ.”

ಮನೆ ಮನೆಗೆ ಓಡಿದೆವು. ಶೇಂಗಾ ಒಣಹಾಕುವ ಟಾರ್ಪಾಲು ಬಂದವು, ಗೊಬ್ಬರದ ಚೀಲ ಬಿಚ್ಚಿ ಹೊಲಿದ ಪಟಗಳು ಬಂದವು. ಹಸಿ ಕಾಂಕ್ರೀಟಿನ ಮೇಲೆ ಅವನ್ನು ಹಾಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿದರೆ ಗುರುತು ಕೂತುಬಿಡುತ್ತದೆ. ಹಾಗಾಗಿ ನಾಲ್ಕೂ ಕಡೆ ಏಣಿ ಹಾಕಿ, ಗೋಡೆ ಪಕ್ಕದ ಸಾರುವೆ ಮೇಲೆ ನಿಂತು, ಅಂಚುಗಳನ್ನು ಕೈಯಲ್ಲೇ ಎಳೆದು ಹಿಡಿದೆವು. ಮಳೆ ಬಂದೇಬಿಟ್ಟಿತು. ಮಧ್ಯೆ ನೀರು ನಿಂತು ಟಾರ್ಪಾಲು ಜೋಲುತ್ತಿತ್ತು, ಉದ್ದನೆಯ ಕೋಲಿನಿಂದ ಎತ್ತಿ ಎತ್ತಿ ನೀರು ಚೆಲ್ಲುತ್ತಿದ್ದರು. ಚಳಿಗೆ ನನ್ನ ಬೆರಳುಗಳು ಸೆಟೆದುಕೊಂಡವು. ಪಕ್ಕದಲ್ಲಿ ಆ ಅಕ್ಕ ನಗುತ್ತಿದ್ದಳು. ಹೊಲಕ್ಕೆ ಮಳೆ ಬಂದ ಖುಷಿಗೋ, ಮನೆ ಉಳಿಯುತ್ತಿದೆ ಅಂತಲೋ, ಎರಡಕ್ಕೂ ಇರಬೇಕು.

ನಿದ್ದೆ ಬರದಿರಲಿ ಅಂತ ದೊಡ್ಡಪ್ಪ ನನಗೆ ಕಥೆ ಹೇಳಿದರು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ತಲಾಂತುಗಳ ಸಾಮ್ಯ. ಯಜಮಾನ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು ತಲಾಂತು ಕೊಟ್ಟು ಪರದೇಶಕ್ಕೆ ಹೋದ ಕಥೆ. ಗುಡಿಯಲ್ಲಿ ಎಷ್ಟೋ ಸಲ ಕೇಳಿದ್ದೆ, ಪ್ರತಿ ಸಲವೂ ಕಷ್ಟಪಟ್ಟು ದುಡಿಯಬೇಕು ಅನ್ನುವಲ್ಲಿಗೆ ಉಪದೇಶ ಮುಗಿಯುತ್ತಿತ್ತು. ದೊಡ್ಡಪ್ಪನಿಗೆ ಮರುಕವಿದ್ದದ್ದು, ಹೆದರಿ ಹಣವನ್ನು ನೆಲದಲ್ಲಿ ಹೂತಿಟ್ಟು ಯಜಮಾನನಿಂದ ಬೈಸಿಕೊಂಡ ಮೂರನೆಯವನ ಮೇಲೆ.

“ಅವನೇನು ಕಳ್ಳನಾ? ಕೊಟ್ಟಿದ್ದನ್ನ ಹಂಗೇ ವಾಪಸ್ ಕೊಟ್ಟ. ಪಾಪ, ಹೆದರ್ಕೊಂಡಿದ್ದ. ಹೆದರ್ಕೊಂಡೋನಿಗೆ ಅಷ್ಟು ದಿನ ನಿದ್ದೆನಾದ್ರೂ ಬಂದಿತ್ತಾ, ಹೇಳು. ಹೂತಿಟ್ಟ ಜಾಗನೇ ಕಾಯ್ತಾ ಕೂತಿರ್ತಾನೆ.” ಸ್ವಲ್ಪ ಹೊತ್ತು ಬಿಟ್ಟು, “ಬೆಂಗಳೂರಾಗೆ ನಾನೂ ಹಂಗೇ ಇದ್ದೆ ಕಣೋ. ಕೆಲಸ ಮಾಡ್ತಿದ್ದೆ, ಯಾರ ಮನೆ ಅಂತ ಗೊತ್ತಿರ್ಲಿಲ್ಲ,” ಅಂದರು.

ಆ ಮಾತು ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ದೊಡ್ಡಪ್ಪನ ಹತ್ತಿರ ಆಸ್ತಿ ಅಂತ ಇದ್ದದ್ದು ಒಂದು ಟ್ರಂಕು, ಒಂದು ರೇಡಿಯೋ, ಎಣ್ಣೆ ಹಚ್ಚಿ ಬಟ್ಟೆ ಸುತ್ತಿಟ್ಟ ಕರಣೆ, ರಸಮಟ್ಟ. ಹಾಗಂತ ಅವರು ಆಸೆ ಅದುಮಿಟ್ಟುಕೊಂಡ ಮನುಷ್ಯರಾಗಿರಲಿಲ್ಲ. ಬಿಸಿ ಮುದ್ದೆಗೆ ಹುರುಳಿಕಾಳಿನ ಸಾರು ಬಿದ್ದರೆ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು, ಗುಡಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು. ಸರಳವಾಗಿ ಬದುಕುವುದೆಂದರೆ ಮುಖ ಸಣ್ಣದು ಮಾಡಿಕೊಂಡು ಬದುಕುವುದು ಅಂತ ಯಾರಾದರೂ ಹೇಳಿದರೆ ನಾನು ಈಗಲೂ ಒಪ್ಪುವುದಿಲ್ಲ.

ನಡುರಾತ್ರಿ ಕಳೆದು ಮಳೆ ಬಿಟ್ಟಿತು. ಒಂದು ಮೂಲೆಯಲ್ಲಿ ಮಾತ್ರ ಗಾರೆ ತೊಳೆದಿತ್ತು, ದೊಡ್ಡಪ್ಪ ಲಾಟೀನು ಬೆಳಕಿನಲ್ಲೇ ಅದನ್ನು ಸರಿಮಾಡಿದರು. ಮರುದಿನ ತಾರಸಿಯ ಮೇಲೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕಿತ್ತು. ಅದಕ್ಕೆ ನೀರು ಎಲ್ಲಿಂದ ಹೊರುವುದು ಅಂತ ವಾರದಿಂದ ಚಿಂತೆಯಿತ್ತು. ಹಳ್ಳದ ಗುಂಡಿಯಲ್ಲೇ ನೀರು ನಿಂತಿತ್ತು. ನೆಲ ಹದಕ್ಕೆ ಬಂದಾಗ ಕಾಲೋನಿಯೆಲ್ಲ ಬಿತ್ತನೆಗೆ ಹೋಯಿತು. ಕೆಲಸಕ್ಕೆ ಆಳಿಲ್ಲ ಅಂತ ದೊಡ್ಡಪ್ಪ ಸುಮ್ಮನೆ ಕೂರಲಿಲ್ಲ, ಆ ಅಕ್ಕನ ಹೊಲದಲ್ಲಿ ಕೂರಿಗೆ ಹಿಂದೆ ನಡೆದರು.

2009ರ ಜೂನ್ 19ರಂದು ಫೆರರ್ ತೀರಿಕೊಂಡಾಗ ದೊಡ್ಡಪ್ಪನಿಗೆ ವಯಸ್ಸಾಗಿತ್ತು, ಬಲಗೈ ನಡುಗುತ್ತಿತ್ತು. ಮಣ್ಣಿಗೆ ಹೋಗಲೇಬೇಕು ಅಂತ ಹಟ ಹಿಡಿದರು. ಧರ್ಮಾವರದವರೆಗೆ ರೈಲು, ಅಲ್ಲಿಂದ ಬತ್ತಲಪಲ್ಲಿಗೆ. ಹಳ್ಳಿ ಹಳ್ಳಿಗಳಿಂದ ಬಂದ ಜನ, ಮಗು ಎತ್ತಿಕೊಂಡ ಹೆಂಗಸರು. ಮಣ್ಣಾದ ಮೇಲೆ ರಸ್ತೆಗೆ ಬಂದೆವು. ಪಕ್ಕದಲ್ಲಿ ಯಾರದೋ ಮನೆಯ ಗೋಡೆ ಏಳುತ್ತಿತ್ತು. ದೊಡ್ಡಪ್ಪ ನಿಂತರು, ಒಂದು ಕಣ್ಣು ಮುಚ್ಚಿದರು. ಮೇಲಿದ್ದ ಹುಡುಗನನ್ನು ಕೂಗಿ, ಮೂರನೆಯ ವರಸೆಯಿಂದ ಓರೆ ಹೊರಟಿದೆ ನೋಡು ಅಂದರು. ಅವನು ಗುಂಡು ಬಿಟ್ಟು ನೋಡಿದ. ಆಮೇಲೆ ಇಳಿದು ಬಂದು, ಏನೂ ಹೇಳದೆ, ತನ್ನ ಕರಣೆಯನ್ನು ಇವರ ಕೈಗೆ ಕೊಟ್ಟ. ಕಲ್ಲು ಎಲ್ಲಿ ಬಿಚ್ಚಬೇಕು, ಮತ್ತೆ ಎಲ್ಲಿಂದ ಎತ್ತಬೇಕು ಅಂತ ತೋರಿಸಿಕೊಡುವಷ್ಟರಲ್ಲಿ ನಮ್ಮ ರೈಲಿನ ಹೊತ್ತು ಮೀರಿತ್ತು.