ಕಡಲ ಹೆಂಗಸರ ಊರಿನಲ್ಲಿ

ದಕ್ಷಿಣ ಕೊರಿಯಾ ದೇಶಕ್ಕೆ ಸೇರಿದ ಜೇಜು ಎಂಬ ದ್ವೀಪವು ಜ್ವಾಲಾಮುಖಿಯ ಲಾವಾರಸ ಹೆಪ್ಪುಗಟ್ಟಿ ಆದ ನೆಲ. ಅಲ್ಲಿ ಹೇರಳವಾಗಿರುವುವು ಮೂರು: ಗಾಳಿ, ಕಲ್ಲು ಮತ್ತು ಹೆಂಗಸರು ಎಂಬ ಮಾತು ಆ ನಾಡಿನಲ್ಲಿ ರೂಢಿಯಲ್ಲಿದೆ. ಗಾಳಿಯನ್ನೂ ಕಲ್ಲನ್ನೂ ನಾನು ಬಸ್ಸಿನಿಂದಿಳಿದೊಡನೆಯೇ ಕಂಡೆ. ಹೆಂಗಸರನ್ನು ಕಾಣಲು ಮರುದಿನದ ಬೆಳಗಿನವರೆಗೆ ಕಾಯಬೇಕಾಯಿತು.

ಈಶಾನ್ಯ ತೀರದ ಹಾದೋ ಎಂಬ ಹಳ್ಳಿಯಲ್ಲಿ ನಾನು ಮೂರು ದಿನ ತಂಗಿದ್ದೆ. ಮನೆಯೊಡತಿ ಎಪ್ಪತ್ತು ದಾಟಿದ ವೃದ್ಧೆ. ರಜೆಗೆ ಬಂದಿದ್ದ ಆಕೆಯ ಮೊಮ್ಮಗಳು ಇಂಗ್ಲಿಷ್ ಬಲ್ಲವಳಾದುದರಿಂದ ನಮ್ಮಿಬ್ಬರಿಗೂ ದುಭಾಷಿಯಾದಳು. ಅಜ್ಜಿಯು 'ಹೆನ್ಯೊ', ಅಂದರೆ ಕಡಲ ಹೆಣ್ಣು. ಪ್ರಾಣವಾಯುವಿನ ಸಿಲಿಂಡರಿಲ್ಲದೆ, ಉಸಿರು ಬಿಗಿಹಿಡಿದು, ಹತ್ತು ಮೀಟರಿನಷ್ಟು ಆಳಕ್ಕೆ ಮುಳುಗಿ ಚಿಪ್ಪು, ಶಂಖ, ಪಾಚಿಗಳನ್ನು ತರುವುದು ಇವರ ಕಸುಬು. 1960ರ ದಶಕದಲ್ಲಿ ದ್ವೀಪದಲ್ಲಿ ಇಂಥವರು 20,000ಕ್ಕೂ ಹೆಚ್ಚಿದ್ದರು. ಈಗ 3,000ಕ್ಕಿಂತ ಕಡಮೆ, ಅವರಲ್ಲಿಯೂ ಬಹುಪಾಲು ಅರುವತ್ತು ದಾಟಿದವರು. 2016ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಜ್ಜಿಗೆ ಅದರಿಂದ ವಿಶೇಷ ಸಂತೋಷವಾದಂತೆ ಕಾಣಲಿಲ್ಲ.

ಬೆಳಗ್ಗೆ ಆಕೆ ಪಾತ್ರೆ ತೊಳೆದಿಟ್ಟು, ಕೋಳಿಗಳಿಗೆ ಕಾಳು ಚೆಲ್ಲಿ, ಒಂದು ಗುಳಿಗೆಯನ್ನು ನುಂಗಿದಳು. ತಲೆನೋವಿನ ಗುಳಿಗೆಯೆಂದು ತಿಳಿದು ನಾನು, "ಅಜ್ಜಿ, ಮೈ ಸರಿಯಿಲ್ಲದಿದ್ದರೆ ಇಂದು ಹೋಗಬೇಡಿ" ಎಂದೆ. ಮೊಮ್ಮಗಳು ನಕ್ಕಳು. ನೀರಿನ ಒತ್ತಡದಿಂದ ತಲೆ ಸಿಡಿಯುವುದು ಅವರಿಗೆ ನಿತ್ಯದ ಮಾತು. ನೋವು ಬರುವ ಮೊದಲೇ ಅನೇಕರು ಔಷಧ ನುಂಗುತ್ತಾರೆ. ಹಿಂದೆ ಹತ್ತಿಯ ಉಡುಪು ತೊಟ್ಟು ಮುಳುಗುತ್ತಿದ್ದಾಗ ಚಳಿಯೇ ಅವರನ್ನು ಬೇಗನೆ ದಡಕ್ಕಟ್ಟುತ್ತಿತ್ತು. 1970ರ ದಶಕದಲ್ಲಿ ರಬ್ಬರಿನ ಉಡುಪು ಬಂದಿತು. ನಾಲ್ಕೈದು ಗಂಟೆ ನೀರಿನಲ್ಲಿರುವುದು ಸಾಧ್ಯವಾಯಿತು. ಸಂಪಾದನೆಯೂ ಹೆಚ್ಚಿತು, ನೋವೂ ಹೆಚ್ಚಿತು.

ದಡದಲ್ಲಿ ಕಪ್ಪು ಕಲ್ಲುಗಳ ಗೋಡೆ ಕಟ್ಟಿದ, ಸೂರಿಲ್ಲದ ದುಂಡನೆಯ ಆವರಣವಿದೆ. ನಡುವೆ ಬೆಂಕಿ ಹಾಕಿ ಮೈ ಕಾಯಿಸುವ ಈ ತಾಣಕ್ಕೆ 'ಬುಲ್‌ತೊಕ್' ಎಂದು ಹೆಸರು. ಈಗ ಬಿಸಿನೀರಿನ ಸೌಕರ್ಯವುಳ್ಳ ಕಟ್ಟಡ ಬಂದಿದೆ. ಆದರೆ ಕುಳಿತುಕೊಳ್ಳುವ ಕ್ರಮ ಹಳೆಯದೇ. ನಾನು ಒಳಹೊಕ್ಕವಳೇ ಬೆಚ್ಚಗಿನ ಒಂದು ಮೂಲೆಯಲ್ಲಿ ಕುಳಿತುಬಿಟ್ಟೆ. ಮಾತುಗಳೆಲ್ಲ ನಿಂತುಹೋದವು. ಮೊಮ್ಮಗಳು ಸೆರಗೆಳೆದು ಎಬ್ಬಿಸಿದಳು. ಅದು ಎಲ್ಲರಿಗಿಂತ ನುರಿತ ಮುಳುಗುಗಾರ್ತಿಯ ಸ್ಥಾನವಂತೆ! ಧನವಾಗಲಿ ವಿದ್ಯೆಯಾಗಲಿ ಅಲ್ಲಿ ಸ್ಥಾನ ದೊರಕಿಸುವುದಿಲ್ಲ. ನೀರಿನಡಿಯ ಬಂಡೆಗಳ, ಸೆಳೆತಗಳ ತಿಳಿವಳಿಕೆಯೇ ದೊರಕಿಸಬೇಕು. ನಾನು ಬಾಗಿಲ ಬಳಿ ಕುಳಿತೆ. ಸ್ವಲ್ಪ ಹೊತ್ತಿಗೆ ಆ ಹಿರಿಯಳೇ ಒಂದು ಸುಟ್ಟ ಗೆಣಸನ್ನು ನನ್ನತ್ತ ಚಾಚಿದಳು.

ಮುಂದೆ ಅವರು ಕಡಲಿಗಿಳಿದರು. ತೇಲುವ ಬುರುಡೆಗಳು ಅಲೆಗಳ ಮೇಲೆ ಕುಣಿಯುತ್ತಿದ್ದವು. ಮುಳುಗಿದವರು ಮೇಲೆ ಬಂದೊಡನೆ, ತಡೆದಿಟ್ಟ ಉಸಿರನ್ನು ಸಿಳ್ಳೆಯಂತೆ ಹೊರಬಿಡುವರು. ದಡದಲ್ಲಿದ್ದ ನಾನೂ ಗಡಿಯಾರ ನೋಡುತ್ತ ಉಸಿರು ಬಿಗಿಹಿಡಿದೆ. ನಲವತ್ತು ಸೆಕೆಂಡಿಗೆ ಸೋತೆ. ಅಜ್ಜಿಯ ಸಿಳ್ಳೆ ಕೇಳಿಸಿದಾಗ ನಿಮಿಷ ದಾಟಿತ್ತು.

ಅಂದು ಮೊಮ್ಮಗಳು ಒಂದು ಸಂಗತಿ ಹೇಳಿದಳು. ಬಂಡೆಗೆ ಕಚ್ಚಿಕೊಂಡ ಅಬಲೋನಿ ಎಂಬ ಬೆಲೆಬಾಳುವ ಚಿಪ್ಪನ್ನು ಕಂಡಾಗ, ಉಸಿರು ಮುಗಿಯುತ್ತ ಬಂದಿದ್ದರೂ, ಇನ್ನೊಂದೇ ಕ್ಷಣ ಎಂದು ನಿಂತವರುಂಟು. ಅಜ್ಜಿಯ ಅಕ್ಕ ಹಾಗೆ ನಿಂತಳು, ಮೇಲೆ ಬರಲಿಲ್ಲ. ಅಜ್ಜಿ ಮರುವಾರವೇ ಅದೇ ಕಡಲಿಗಿಳಿದಳು. ಮಕ್ಕಳ ಶಾಲೆಯ ಖರ್ಚೂ, ಈಗ ಮೊಮ್ಮಗಳ ಕಾಲೇಜಿನ ಶುಲ್ಕವೂ ಆ ನೀರಿನಿಂದಲೇ ಬಂದಿವೆ.

"ನೀನೂ ಕಲಿಯಬಾರದೆ?" ಎಂದೆ.

"ಅಜ್ಜಿ ನನಗೆ ಈಜನ್ನೇ ಕಲಿಯಗೊಡಲಿಲ್ಲ" ಎಂದಳು.

ಮಾತು ಮುಂದುವರಿಯಿತು. ಆದರೆ ಆಗಾಗ್ಗೆ ಆಕೆ ವಾಕ್ಯದ ನಡುವೆ ತಟಕ್ಕನೆ ನಿಲ್ಲುತ್ತಿದ್ದಳು. ಕಾರಣವನ್ನು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹತ್ತಾರು ಸಿಳ್ಳೆಗಳ ನಡುವೆ ಅಜ್ಜಿಯದೊಂದು ಕೇಳಿಬರುವವರೆಗೆ ಆಕೆ ತನ್ನ ಉಸಿರನ್ನೂ ಬಿಗಿಹಿಡಿದಿರುತ್ತಿದ್ದಳು.