ಮೂರು ಶಾಸನ, ಮೂರು ಏರು: ಕುದಾಪುರದಿಂದ ಜಟಿಂಗರಾಮೇಶ್ವರಕ್ಕೆ

ಚಳ್ಳಕೆರೆ ತಾಲ್ಲೂಕಿನ ಕುದಾಪುರದಿಂದ ಬೆಳಿಗ್ಗೆ ಹೊರಟು, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ನೋಡಿ ಸಂಜೆಯೊಳಗೆ ಹಿಂದಿರುಗುವ ಪ್ರಯಾಣವು ದೂರದ ಲೆಕ್ಕದಲ್ಲಿ ದೊಡ್ಡದಲ್ಲವಾದರೂ, ದೇಹಶಕ್ತಿಯ ಲೆಕ್ಕದಲ್ಲಿ ಮೂರು ಬೇರೆ ಬೇರೆ ಪ್ರಯಾಣಗಳನ್ನು ಒಂದೇ ದಿನದೊಳಗೆ ಸೇರಿಸಿದಂತಿದೆ. ಮೊದಲನೆಯದಕ್ಕೆ ನಡೆಯಬಲ್ಲ ಕಾಲು ಸಾಕು. ಎರಡನೆಯದಕ್ಕೆ ತೂಕ ತಪ್ಪದ ಹೆಜ್ಜೆ ಬೇಕು. ಮೂರನೆಯದಕ್ಕೆ ಎದೆ, ಮಂಡಿ ಮತ್ತು ಬಿಸಿಲು ತಡೆಯುವ ಶಕ್ತಿ ಮೂರೂ ಒಟ್ಟಿಗೆ ಬೇಕು. ಯಾರು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ವಾಹನ ಹತ್ತುವ ಮೊದಲೇ ನಿರ್ಧರಿಸಿಕೊಳ್ಳದ ತಂಡಗಳು ಆ ತೀರ್ಮಾನವನ್ನು ಬೆಟ್ಟದ ನಡುವೆ, ಏದುಸಿರಿನಲ್ಲಿ ಮಾಡಬೇಕಾಗಿ ಬರುತ್ತದೆ.

ಕುದಾಪುರದ ನೆಲ ಇಂಥ ಲೆಕ್ಕಾಚಾರವನ್ನು ಮರೆಸುವಷ್ಟು ಸಮತಟ್ಟಾಗಿದೆ. ಇಲ್ಲಿನ ವಿಸ್ತಾರವಾದ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳು, ಅಂದರೆ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಮೀಸಲಿಟ್ಟಿದ್ದ ಭೂಮಿ. ಫಿರಂಗಿ ಗಾಡಿಗಳನ್ನು ಎಳೆಯುತ್ತ ಸೈನ್ಯದ ಜೊತೆ ದಿನಗಟ್ಟಲೆ ನಡೆಯಬಲ್ಲ ಎತ್ತುಗಳಿಗಾಗಿ ಈ ತಳಿ ಹೆಸರಾಗಿತ್ತು. ಈಗ ಅದೇ ಕಾವಲಿನ ಸುಮಾರು 1,500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರು ತರಬೇತಿಗಾಗಿ ಅಲ್ಲಿಗೆ ಬಂದು ತಂಗುತ್ತಾರೆ. ಸುತ್ತಲಿನ ಬಯಲಿನಲ್ಲಿ ಕಣ್ಣಿಗೆ ಅಡ್ಡ ಬರುವುದು ಕುರಿಮಂದೆಗಳೂ ಶೇಂಗಾ ಹೊಲಗಳೂ ಮಾತ್ರ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದಾದ್ದರಿಂದ ದಾರಿಯ ಬದಿಯಲ್ಲಿ ನೆರಳು ವಿರಳ. ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ತಳುಕು ಸಿಗುತ್ತದೆ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರ ಈ ಊರಿನದೇ, ಕನ್ನಡ ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರ ಮನೆತನವೂ ಇಲ್ಲಿಯದೇ ಎಂಬುದನ್ನು ನೆನೆಯುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ಹಾನಗಲ್ಲು ದಾಟಿದ ಮೇಲೆ ಬಯಲಿನ ಅಂಚಿನಲ್ಲಿ ಬಂಡೆಗುಡ್ಡಗಳು ಏಳತೊಡಗುತ್ತವೆ.

ಆ ಗುಡ್ಡಗಳ ಮುಂದೆ ಬೇಕಾಗುವ, ಪ್ರಯಾಣಿಕರ ದೇಹಶಕ್ತಿಗೂ ಪ್ರವಾಸದ ಕಷ್ಟಕ್ಕೂ ತಾಳೆ ನೋಡುವ ಪದ್ಧತಿ ಹೆಚ್ಚು ವ್ಯವಸ್ಥಿತವಾಗಿ ಬೆಳೆದಿರುವುದು ಕ್ರೂಸ್ ಹಡಗುಗಳಲ್ಲಿ. ಬಂದರಿಗೆ ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗಿನಿಂದ ಪ್ರಯಾಣಿಕರನ್ನು ಇಳಿಸಿ, ಹತ್ತಿರದ ಸ್ಥಳಗಳನ್ನು ತೋರಿಸಿ ಮರಳಿ ಹಡಗಿಗೆ ತಲುಪಿಸುವ ಸುತ್ತಾಟಕ್ಕೆ ದಡದ ಪ್ರವಾಸ ಎನ್ನಬಹುದು. ಕರ್ನಾಟಕದಲ್ಲಿ ಇದನ್ನು ಕಾಣಬಹುದಾದ ಸ್ಥಳ ಪಣಂಬೂರಿನ ನವಮಂಗಳೂರು ಬಂದರು. ಅಲ್ಲಿಂದ ಪ್ರಯಾಣಿಕರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ ದೇವಾಲಯಗಳ ಕಡೆಗೆ ಹೋಗುತ್ತಾರೆ. ಹಡಗಿನ ಕಂಪನಿಗಳು ಇಂಥ ಪ್ರವಾಸಗಳಿಗೆ ಸುಲಭ, ಮಧ್ಯಮ, ಕಷ್ಟಕರ ಎಂಬಂಥ ದರ್ಜೆಗಳನ್ನು ಕೊಡುವುದು ವಾಡಿಕೆ. ದರ್ಜೆ ಉಪಯುಕ್ತವೇ, ಆದರೆ ಅದು ಅಳೆಯುವುದು ದಾರಿಯನ್ನು, ನಡೆಯುವವರನ್ನಲ್ಲ. ಮೂಡಬಿದಿರೆಯಲ್ಲೂ ಕಾರ್ಕಳದಲ್ಲೂ ಪಾದರಕ್ಷೆ ಕಳಚಬೇಕು. 1432ರಲ್ಲಿ ಪ್ರತಿಷ್ಠಾಪನೆಯಾದ, ಸುಮಾರು 42 ಅಡಿ ಎತ್ತರದ ಕಾರ್ಕಳದ ಗೊಮ್ಮಟನ ಬಳಿಗೆ ಹೋಗುವಾಗ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ನಡುಹಗಲಿನಲ್ಲಿ ಕಾದಿರುತ್ತವೆ. ಬರಿಗಾಲಿನ ಅಭ್ಯಾಸವೇ ಇಲ್ಲದವರಿಗೂ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿ ಸುಟ್ಟದ್ದು ತಿಳಿಯದವರಿಗೂ ಆ ಮೆಟ್ಟಿಲು ಯಾವ ದರ್ಜೆಗೂ ಸಿಗದ ಕಷ್ಟ. ಹಡಗು ಹೊರಡುವ ಹೊತ್ತಂತೂ ನಿಗದಿಯಾದದ್ದು. ತಮ್ಮಷ್ಟಕ್ಕೆ ತಾವು ಸುತ್ತಲು ಹೋಗಿ ತಡವಾಗಿ ಬಂದವರಿಗಾಗಿ ಅದು ಕಾಯುವುದಿಲ್ಲ. ಮೊಳಕಾಲ್ಮೂರಿನಲ್ಲಿ ಹಡಗಿಲ್ಲ, ಆ ಕೆಲಸವನ್ನು ಸೂರ್ಯ ಮಾಡುತ್ತಾನೆ: ಹತ್ತು ಗಂಟೆ ಕಳೆದ ಮೇಲೆ ಬಂಡೆಯ ಮೇಲಿರುವವರ ಬಗ್ಗೆ ಅವನಿಗೆ ದಾಕ್ಷಿಣ್ಯವಿಲ್ಲ.

ಬ್ರಹ್ಮಗಿರಿಯ ಶಾಸನ ಬೆಟ್ಟದ ಬುಡದಲ್ಲಿದೆ. ಊರಿನವರು ಅಕ್ಷರಗುಂಡು ಎಂದು ಕರೆಯುತ್ತ ಬಂದ, ನೆಲಕ್ಕೆ ಹಾಸಿದಂತಿರುವ ಒರಟು ಬಂಡೆಯ ಮೇಲೆ 13 ಸಾಲುಗಳಲ್ಲಿ ಬ್ರಾಹ್ಮೀ ಲಿಪಿಯಲ್ಲಿ ಕೆತ್ತಿರುವ ಈ ಬರಹವನ್ನು, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರದ ಬರಹಗಳೊಂದಿಗೆ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಮೊದಲ ಸಾಲುಗಳಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಉನ್ನತ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ; ರಾಜಾಜ್ಞೆಯೂ ಕ್ಷೇಮಸಮಾಚಾರದಿಂದ ಆರಂಭವಾಗುವುದು ಈ ಪ್ರವಾಸದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ. ಮುಂದೆ ತಂದೆತಾಯಿಗಳ ಸೇವೆ, ಪ್ರಾಣಿಗಳ ಮೇಲಿನ ದಯೆ, ಸತ್ಯ, ಗುರುವಿನ ವಿಷಯದಲ್ಲಿ ಶಿಷ್ಯನ ಗೌರವ ಇವುಗಳ ಉಪದೇಶವಿದೆ. ಕೊನೆಗೆ ಲಿಪಿಕಾರ ಚಪಡನ ಹೆಸರಿದ್ದು, ಅವನ ಕಸುಬನ್ನು ಹೇಳುವ ಪದ ಮಾತ್ರ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿದೆ. ಸಾವಿರ ಮೈಲಿಗೂ ಆಚೆಯ ಲಿಪಿಯನ್ನು ಬಲ್ಲ ಕೈಯೊಂದು ಇಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಅದೇ ಸಾಕ್ಷಿ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ನೆಲೆಯೂ ಇದೇ ಪರಿಸರದ್ದು. ಸಂತೆಯಲ್ಲಿ ಅರ್ಧ ಗಂಟೆ ನಿಂತು ತಿರುಗಿ ತರಕಾರಿ ಕೊಳ್ಳಬಲ್ಲ ಯಾರಿಗಾದರೂ ಇಷ್ಟು ಸಾಧ್ಯ. ಅಕ್ಷರಗಳ ಮೇಲೆ ಓರೆ ಬೆಳಕು ಬೀಳುವ ಹೊತ್ತಿಗೆ ಹೋದರೆ ಓದುವುದಕ್ಕೂ ಅನುಕೂಲ.

ಸುಮಾರು ಒಂದು ಮೈಲಿ ಪಶ್ಚಿಮಕ್ಕಿರುವ ಸಿದ್ದಾಪುರದ ಶಾಸನ ಎತ್ತರದ ಸಮಸ್ಯೆಯಲ್ಲ, ನೆಲದ ಸಮಸ್ಯೆ. ಇಲ್ಲಿ ನೋಡಬೇಕಾದದ್ದು ಉಸಿರನ್ನಲ್ಲ, ಸಮತೋಲವನ್ನು: ಮನೆಯಲ್ಲಿ ಗೋಡೆಯ ಪಕ್ಕ ನಿಂತು, ಏನನ್ನೂ ಹಿಡಿಯದೆ ಒಂದೇ ಕಾಲಿನ ಮೇಲೆ ಹತ್ತು ಸೆಕೆಂಡು ನಿಲ್ಲಲಾಗದವರು ಉರುಟು ಬಂಡೆಯ ಮೇಲೆ ಕೈಕೋಲಿಲ್ಲದೆ ಕಾಲಿಡದಿರುವುದು ಲೇಸು.

ಜಟಿಂಗರಾಮೇಶ್ವರದ ಮಾತೇ ಬೇರೆ. ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಸ್ಥಳವೆಂದು ಭಕ್ತರು ನಂಬುವ ಈ ಬೆಟ್ಟದ ಎತ್ತರವನ್ನು ಹಳೆಯ ಗ್ಯಾಸೆಟಿಯರು 3,469 ಅಡಿ ಎಂದು ದಾಖಲಿಸಿದೆ. ಈ ಅಂಕಿಯನ್ನು ಕಂಡು ಹೆದರಿ ವಾಹನದಲ್ಲೇ ಉಳಿಯುವವರೂ ಇದ್ದಾರೆ, ಲೆಕ್ಕಿಸದೆ ಹೊರಟುಬಿಡುವವರೂ ಇದ್ದಾರೆ. ಇಬ್ಬರೂ ಅಂಕಿಯ ಅರ್ಥವನ್ನು ವಿಚಾರಿಸಿದವರಲ್ಲ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ಚಳ್ಳಕೆರೆ ಪಟ್ಟಣವೇ ಸಮುದ್ರಮಟ್ಟಕ್ಕಿಂತ 585 ಮೀಟರ್, ಅಂದರೆ 1,900 ಅಡಿಗೂ ಮೇಲಿದೆ. ಆದ್ದರಿಂದ ಕಾಲಿಗೆ ಬರುವ ಏರು ಆ ಅಂಕಿಯ ಅರ್ಧದ ಆಸುಪಾಸು, ಬಹುಶಃ ಅದಕ್ಕೂ ಕಡಿಮೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ಸಮುದ್ರಮಟ್ಟದಿಂದ 3,347 ಅಡಿಯಿದ್ದರೂ ಸುತ್ತಲಿನ ನೆಲದಿಂದ ಏರಬೇಕಾದದ್ದು ಸುಮಾರು 470 ಅಡಿ ಮಾತ್ರ. ಕಾಗದದ ಮೇಲೆ ಒಂದೇ ಎತ್ತರವೆಂದು ಕಾಣುವ ಎರಡು ಬೆಟ್ಟಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟೋ ಪಟ್ಟು ದಣಿಸುವುದು ಹೀಗೆ. ಬೆಳಗೊಳದಲ್ಲಿ ಕೂರಿಸಿ ಹೊತ್ತೊಯ್ಯುವ ಡೋಲಿಯವರೂ ಸಿಗುತ್ತಾರೆ, ಇಲ್ಲಿ ಅಂಥ ಭರವಸೆಯ ಮೇಲೆ ಹೊರಡಬಾರದು.

ಏರಿಗೆ ತಗಲುವ ಹೊತ್ತನ್ನು ಅಂದಾಜು ಮಾಡುವ ಒಂದು ಸರಳ ಸೂತ್ರವನ್ನು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟದ್ದು, ಕಾಕತಾಳೀಯವಾಗಿ, ರೈಸ್ ಇಲ್ಲಿನ ಶಾಸನಗಳನ್ನು ಪ್ರಕಟಪಡಿಸಿದ 1892ರಲ್ಲೇ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ ಎಂಬುದು ಆ ಸೂತ್ರ. ಏರನ್ನು ಒಂದೂವರೆ ಸಾವಿರ ಅಡಿಯೆಂದು ಹಿಡಿದರೆ ದೂರದ ಹೊತ್ತಿನ ಮೇಲೆ ಮುಕ್ಕಾಲು ಗಂಟೆ ಸೇರುತ್ತದೆ. ಆದರೆ ನೈಸ್ಮಿತ್ ಲೆಕ್ಕ ಹಾಕಿದ್ದು ತಂಪು ದೇಶದ ಗಟ್ಟಿಮುಟ್ಟಾದ ನಡಿಗೆಗಾರರಿಗಾಗಿ. ಅರವತ್ತು ದಾಟಿದವರು ಮೊಳಕಾಲ್ಮೂರಿನ ಬಿಸಿಲಿನಲ್ಲಿ ಅದನ್ನು ಇಮ್ಮಡಿ ಮಾಡಿಕೊಳ್ಳುವುದರಲ್ಲಿ ಅತಿಶಯವಿಲ್ಲ. ಬುಡದಲ್ಲಿ ದಾರಿ ಕೇಳಿದರೆ ಸಿಗುವ ಅಂದಾಜಂತೂ ಇನ್ನೊಂದು ಬಗೆಯದು. ಕುದಾಪುರದಿಂದ ಹೊರಟ ತಂಡವೊಂದಕ್ಕೆ ಕುರಿ ಕಾಯುವವರೊಬ್ಬರು ಕೊಟ್ಟ ಉತ್ತರ ಹೀಗಿತ್ತು: “ಇಲ್ಲೇ ಐತೆ ಬರ್ರಿ, ಒಂದು ಬೀಡಿ ಸೇದೋ ಹೊತ್ತು.” ಅದು ಸುಳ್ಳಲ್ಲ, ದಿನವೂ ಮಂದೆಯ ಹಿಂದೆ ಏರಿ ಇಳಿಯುವ ಅವರ ಮಟ್ಟಿಗೆ ಅಷ್ಟೇ ಹೊತ್ತು. ತಂಡದ ಹಿರಿಯರೊಬ್ಬರನ್ನು ತೋರಿಸಿ “ಈ ಅಜ್ಜಾರಿಗೆ ಆಗ್ತದಾ?” ಎಂದು ಮರುಪ್ರಶ್ನೆ ಹಾಕಿದಾಗ ಮಾತ್ರ ಅವರು ಅಜ್ಜನ ಕಾಲನ್ನೂ ಬೆಟ್ಟವನ್ನೂ ಒಮ್ಮೆ ನೋಡಿ, “ಹೊತ್ತೇರೋದ್ರೊಳಗೆ ಹೋಗಿ ಬರ್ಬೇಕು, ಇಲ್ಲಾಂದ್ರೆ ಬ್ಯಾಡ” ಎಂದರು. ದಾರಿಯ ಬಗ್ಗೆ ಕೇಳುವುದಕ್ಕಿಂತ ಮನುಷ್ಯರನ್ನು ತೋರಿಸಿ ಕೇಳುವುದರಿಂದ ಸಿಗುವ ಉತ್ತರ ಹೆಚ್ಚು ನಂಬಲರ್ಹ.

ವೈದ್ಯಕೀಯದಲ್ಲಿ ಶ್ರಮವನ್ನು ಅಳೆಯಲು ಮೆಟ್ ಎಂಬ ಮಾನವನ್ನು ಬಳಸುತ್ತಾರೆ. ಸುಮ್ಮನೆ ಕುಳಿತಾಗ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಬಳಸುವ 3.5 ಮಿಲಿಲೀಟರ್ ಆಮ್ಲಜನಕವೇ ಒಂದು ಮೆಟ್. ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಏರುವುದು ಸುಮಾರು ನಾಲ್ಕು ಮೆಟ್ಟಿನ ಶ್ರಮ, ಬೆಟ್ಟ ಹತ್ತುವುದು ಆರಕ್ಕೂ ಮೇಲೆ. ಎರಡು ಮಹಡಿ ಏರುವಷ್ಟರಲ್ಲಿ ಎದೆ ಬಿಗಿಯುವವರಿಗೆ ಈ ಬೆಟ್ಟ ಬೇಡ ಎನ್ನಲು ಬೇರೆ ಉಪಕರಣ ಬೇಕಿಲ್ಲ; ಅವರು ನೋಡಬೇಕಾದದ್ದು ವೈದ್ಯರನ್ನು. ಏರುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಸಾಧ್ಯವಾದರೆ ವೇಗ ಸರಿಯಿದೆ, ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಕೂರುವ ಹೊತ್ತಾಗಿದೆ ಎಂಬ ಮಾತಿನ ಪರೀಕ್ಷೆ ಕೈಗಡಿಯಾರದ ನಾಡಿ ಲೆಕ್ಕಕ್ಕಿಂತ ಮೇಲು. ಏಕೆಂದರೆ ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ನುಂಗುವವರ ನಾಡಿ ದಣಿವಿದ್ದರೂ ಹೆಚ್ಚು ಏರುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯವರಿಗೆ ಬೆವರಿನಿಂದ ನೀರಿನಂಶ ಬೇಗ ಇಳಿಯುತ್ತದೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಏರಿನಲ್ಲಿ ಸಕ್ಕರೆ ಕುಸಿಯಬಹುದು.

ಪ್ರವಾಸದ ಸಲಹೆಗಳೆಲ್ಲ ಏರುವುದರ ಬಗ್ಗೆಯೇ ಹೆಚ್ಚು ಹೇಳುತ್ತವೆ, ಕಷ್ಟ ಇರುವುದು ಇಳಿಯುವುದರಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಮಂಡಿಯ ಮೇಲೆ ದೇಹದ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಜಟಿಂಗರಾಮೇಶ್ವರದ ದಾರಿಯಲ್ಲಿ ಇದನ್ನು ಹತ್ತಿರದಿಂದ ಕಾಣಬಹುದು: ಮೇಲಕ್ಕೆ ಹೋಗುವಾಗ ನಗುನಗುತ್ತ ಹೋದವರು ಬರುವಾಗ ಮೆಟ್ಟಿಲಿಗೆ ಓರೆಯಾಗಿ ನಿಂತು, ಒಂದು ಕಾಲನ್ನು ಇಳಿಸಿ, ಅದೇ ಮೆಟ್ಟಿಲಿಗೆ ಇನ್ನೊಂದನ್ನು ತಂದು, ಬಂಡೆಯನ್ನು ಅಂಗೈಯಿಂದ ತಡವುತ್ತ ಬರುತ್ತಾರೆ. ಆದುದರಿಂದ ಅರ್ಧ ಶಕ್ತಿ ಉಳಿದಿರುವಾಗಲೇ ಹಿಂದಿರುಗಬೇಕೆಂಬ ಹಳೆಯ ಮಾತಿಗೆ, ಉಳಿದ ಆ ಅರ್ಧ ಮಂಡಿಯಲ್ಲಿರಬೇಕು ಎಂದು ಸೇರಿಸಬೇಕಾಗುತ್ತದೆ.

ಇಷ್ಟು ಕಷ್ಟಪಟ್ಟು ಮೇಲೆ ಹೋದವರಿಗೆ ಶಾಸನ ಎಷ್ಟು ದಕ್ಕುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಮೊದಲೇ ಕೇಳುವುದಿಲ್ಲ. ದೇವಾಲಯದ ಮೆಟ್ಟಿಲುಗಳ ಎದುರಿನ ಓರೆಬಂಡೆಯ ಮೇಲೆ ಕೆತ್ತಿರುವ ಈ ಬರಹ ಮೂರರಲ್ಲಿ ಅತಿ ಹೆಚ್ಚು ಸವೆದದ್ದು. ಆ ಬಂಡೆಗೆ ಬಳೆಗಾರನ ಗುಂಡು ಎಂಬ ಹೆಸರಿದೆ; ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಹಾಗೆ ಹೆಸರು ಬಂದಿತು. ಅಶೋಕನ ಅಕ್ಷರಗಳ ಮೇಲೆ ಕುಳಿತು ಬಳೆ ತೊಡಿಸಿಕೊಂಡ ಹೆಣ್ಣುಮಕ್ಕಳ ಸಂತೋಷ ಕಡಿಮೆಯದೇನಲ್ಲ, ಆದರೆ ಓದಲೆಂದು ಬಂದವರಿಗೆ ಉಳಿದದ್ದು ಅಲ್ಲಲ್ಲಿ ಕೆಲವು ಗೀರು. ಅದೇ ಪಾಠ ಬುಡದ ಬ್ರಹ್ಮಗಿರಿಯಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಶಾಸನಕ್ಕಾಗಿ ಬಂದ ಹಿರಿಯರು ಕೆಳಗೇ ಉಳಿದರೆ ಅವರು ಕಳೆದುಕೊಳ್ಳುವುದು ಅಲ್ಪ. ರಾಮೇಶ್ವರನ ದರ್ಶನಕ್ಕೆ, ಹರಕೆಗೆ ಬಂದವರ ಲೆಕ್ಕ ಹೀಗಲ್ಲ. ಅವರ ವಿಷಯದಲ್ಲಿ ಏರುವುದೇ ಪೂಜೆಯ ಭಾಗವಾಗಿರುವುದರಿಂದ, ಬೇಡವೆಂದು ತಡೆಯುವ ಬದಲು ನಸುಕಿನಲ್ಲೇ ಹೊರಡಿಸುವುದೂ, ಜೊತೆಗೆ ಗಟ್ಟಿ ಆಳೊಬ್ಬರನ್ನು ಕಳುಹಿಸುವುದೂ ವಿವೇಕ. ಇವರಿಬ್ಬರ ನಡುವೆ ಸಿಕ್ಕಿಬೀಳುವವರೇ ನಿಜವಾದ ಅಪಾಯದಲ್ಲಿರುವವರು: ಶಾಸನದ ಆಸೆಯೂ ಇಲ್ಲದೆ, ಹರಕೆಯೂ ಇಲ್ಲದೆ, ಉಳಿದವರೆಲ್ಲ ಹೊರಟರೆಂಬ ಸಂಕೋಚಕ್ಕೆ ಎದ್ದು ನಡೆಯುವವರು.

ಆ ಸಂಕೋಚ ತಪ್ಪಬೇಕಾದರೆ ಕೆಳಗೆ ಉಳಿಯುವವರಿಗೂ ಒಂದು ಪ್ರವಾಸವಿರಬೇಕು. ಕುದಾಪುರದ ಆ ತಂಡ ಕಂಡುಕೊಂಡ ದಾರಿ ಮೊಳಕಾಲ್ಮೂರು ಪಟ್ಟಣದ್ದು. ಬೆಟ್ಟ ಹತ್ತಿದವರು ಇಳಿದು ಬರುವಷ್ಟರಲ್ಲಿ ಉಳಿದವರು ಅಲ್ಲಿಗೆ ಹೋಗಿ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ರೇಷ್ಮೆ ಸೀರೆಗಳ ನೇಯ್ಗೆ ನೋಡಬಹುದು. ಅಲ್ಲೊಂದು ಮುನ್ನೆಚ್ಚರಿಕೆ ಮಾತ್ರ ಬೇಕು: ನೇಕಾರರು ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಗುಂಡಿಮಗ್ಗದಲ್ಲಿ ಸೀರೆ ನೆಲದ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುತ್ತದೆ, ಅಂಚಿನ ಕುಸುರಿಯನ್ನು ಕಾಣಬೇಕಾದರೆ ಕುಕ್ಕರಗಾಲಿನಲ್ಲಿ ಕೂರಬೇಕು. ಮಂಡಿನೋವಿನವರಿಗಾಗಿ ಮನೆಯವರನ್ನು ಮೊದಲೇ ಕೇಳಿ ಒಂದು ಸ್ಟೂಲ್ ಹಾಕಿಸಿಕೊಳ್ಳಬೇಕು.