ಹೊಲವೇ ಗಡಿಗೆಗೆ ಇಳಿಯುವ ಹಬ್ಬ

ಸೋದರಿಯರೇ, ಬಸವಕಲ್ಯಾಣ ಎಂದರೆ ನಿಮಗೆ ಬಸವಣ್ಣನವರು ನೆನಪಾಗುತ್ತಾರೆ, ಹುಮನಾಬಾದ ಎಂದರೆ ವೀರಭದ್ರ ದೇವರ ಜಾತ್ರೆ. ಎರಡೂ ನೋಡತಕ್ಕವೇ ಸರಿ. ಆದರೆ ಹೆಂಗಸರಾದ ನಾವು ಒಂದು ಸೀಮೆಯನ್ನು ಅರಿಯಬೇಕಾದರೆ ಅಲ್ಲಿನ ಒಲೆಯ ಮೇಲೆ ಏನು ಬೇಯುತ್ತಿದೆ ಎಂದೂ ನೋಡಬೇಕಲ್ಲವೇ? ಅದಕ್ಕೆ ಎಳ್ಳ ಅಮಾವಾಸ್ಯೆಯಂಥ ದಿನ ಇನ್ನೊಂದಿಲ್ಲ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಬರುವ ಈ ಹಬ್ಬದ ದಿನ ಹುಮನಾಬಾದಿನಿಂದ ಬಸ್ಸು ಹತ್ತಿ, ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳಿ ನೋಡಿ. ಊರುಗಳೆಲ್ಲ ಭಣಭಣ, ಹೊಲಗಳೆಲ್ಲ ಗಿಜಿಗಿಜಿ!

ಹೊಲದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಪಾಂಡವರೆಂದು 5 ಕಲ್ಲು ಇಟ್ಟು ಪೂಜಿಸುತ್ತಾರೆ. ಹೊಲದ ಸುತ್ತ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಊಟಕ್ಕೆ ಕೂರುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಏನೇ ಇರಲಿ, ಭಜ್ಜಿ ಮತ್ತು ಅಂಬಲಿ ಇಲ್ಲದೆ ಹಬ್ಬವಿಲ್ಲ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ ಮತ್ತೆ! ಹಲವು ಕಾಳು, ಸೊಪ್ಪು, ತರಕಾರಿ ಕೂಡಿಸಿದ ಗಟ್ಟಿ ಪಲ್ಯ.

ಅಂಬಲಿಗೆ ಹಿಂದಿನ ಸಂಜೆಯೇ ಕೈ ಹಾಕಬೇಕು. 1 ಬಟ್ಟಲು ಜೋಳದ ಹಿಟ್ಟನ್ನು 2 ಬಟ್ಟಲು ನೀರು, 2 ಚಮಚ ಹುಳಿ ಮಜ್ಜಿಗೆ ಹಾಕಿ ಗಂಟಿಲ್ಲದಂತೆ ಕಲಸಿ, ಮಣ್ಣಿನ ಗಡಿಗೆಯಲ್ಲಿ ಮುಚ್ಚಿಡಿ. ನಮ್ಮ ಕಡೆ ಆಗ ಚಳಿ ಜೋರು, ಗಡಿಗೆ ಒಲೆಯ ಪಕ್ಕ ಇರಲಿ. ಬೆಳಿಗ್ಗೆ ಹುಳಿ ವಾಸನೆ ಬಂದಿರುತ್ತದೆ. 4 ಬಟ್ಟಲು ನೀರು ಕುದಿಸಿ, ಉಪ್ಪು ಹಾಕಿ, ಹಿಟ್ಟನ್ನು ಸುರಿಯುತ್ತ ಕೈಬಿಡದೆ ತಿರುವಿ ಬೇಯಿಸಿ. ಆರಿದ ಮೇಲೆ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ ಬೆರೆಸಿ. ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಕಿಲುಬು ಏಳುತ್ತದೆ.

ಭಜ್ಜಿಗೆ ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ ತಲಾ ಅರ್ಧ ಬಟ್ಟಲು ಬೇಯಿಸಿಕೊಳ್ಳಿ. ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಉಳ್ಳಾಗಡ್ಡಿ ಸೊಪ್ಪು ಹೆಚ್ಚಿ ಕೂಡಿಸಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಯಲ್ಲಿ ಎಲ್ಲ ಬೆಂದ ಮೇಲೆ, ಹುಣಸೆ ರಸವನ್ನೋ ಹುಳಿ ಮಜ್ಜಿಗೆಯನ್ನೋ 4 ಚಮಚ ಕಡಲೆ ಹಿಟ್ಟಿಗೆ ಕಲಸಿ ಸುರಿಯಿರಿ. ಉಪ್ಪು ಹಾಕಿ ಗಟ್ಟಿಯಾಗುವ ತನಕ ಕುದಿಸಿದರಾಯಿತು.

ಹುಳಿ ಬರಿಸುವುದು ಬರೀ ರುಚಿಗಲ್ಲ. ಹಿಟ್ಟು, ಮಜ್ಜಿಗೆಯಲ್ಲಿರುವ ಸೂಕ್ಷ್ಮಜೀವಿಗಳು ಹುಳಿ ಉಂಟುಮಾಡುತ್ತವೆ. ಆ ಹುಳಿಯಲ್ಲಿ ಆಹಾರ ಕೆಡಿಸುವ ಜೀವಿಗಳು ಸುಲಭಕ್ಕೆ ಬೆಳೆಯುವುದಿಲ್ಲ. ದೂರದ ತ್ರಿಪುರ, ಬಂಗಾಳಿಗಳ ಸೀಮೆಯಲ್ಲೂ ಇದೇ ಜಾಣತನ. ಅಲ್ಲಿ ಪುಟಿ ಎಂಬ ಸಣ್ಣ ಮೀನು ಒಣಗಿಸಿ, ಎಣ್ಣೆ ಕುಡಿಸಿದ ಮಣ್ಣಿನ ಗಡಿಗೆಗೆ ಒತ್ತಿ ತುಂಬಿ, ಬಾಯಿ ಮುಚ್ಚಿ ತಿಂಗಳುಗಟ್ಟಲೆ ಇಡುತ್ತಾರೆ. ಅದಕ್ಕೆ ಶಿದಲ್ ಎಂದು ಹೆಸರು. ಬದನೆ, ಸೊಪ್ಪುಗಳ ಜೊತೆ ಅದರ ಸಾರು ಮಾಡುತ್ತಾರೆ. ಅವರಿಗೆ ಹೊಳೆ ಕೊಟ್ಟದ್ದು ಮೀನು, ನಮಗೆ ಹೊಲ ಕೊಟ್ಟದ್ದು ಜೋಳ. ಗಡಿಗೆ ಮಾತ್ರ ಒಂದೇ!

ಅಂಬಲಿ ಬಡವರ ಊಟ ಎಂದು ಮೂಗು ಮುರಿಯುವವರೂ ಉಂಟು. ಕಲ್ಯಾಣದ ಶರಣರ ಕಥೆ ಕೇಳಿ. 12ನೆಯ ಶತಮಾನದಲ್ಲಿ ಕಟ್ಟಿಗೆ ಮಾರಿ ಬಾಳಿದ ಮೋಳಿಗೆ ಮಾರಯ್ಯನ ಮನೆಗೆ ಬಸವಣ್ಣನವರೇ ವೇಷ ಮರೆಸಿ ಹೋಗಿ ಅಂಬಲಿ ಕುಡಿದರಂತೆ. ಹೊನ್ನು ಬಚ್ಚಿಟ್ಟು ಬಂದರೆ ಮಾರಯ್ಯ ಅದನ್ನು ತನಗೆಂದು ಇಟ್ಟುಕೊಳ್ಳಲಿಲ್ಲವಂತೆ. ಅಂಬಲಿಗೆ ಅಷ್ಟು ಮರ್ಯಾದೆ.

ಈಗ ನನ್ನ ಮನಸ್ಸಿನ ಮಾತು. "ಹೊಲ್ದಾಗ ಏನದನೋ ಅದೇ ಗಡಿಗ್ಯಾಗ ಬೀಳಬೇಕವ್ವಾ" ಎನ್ನುತ್ತಾರೆ ನಮ್ಮತ್ತೆ. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಬದುವಿನಲ್ಲಿ ತೊಗರಿ, ಬಾವಿ ದಂಡೆಗೆ ಸೊಪ್ಪು ಇದ್ದಾಗ ಭಜ್ಜಿಗೆ ದುಡ್ಡು ಬೇಕಿರಲಿಲ್ಲ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳೂ ಉಡಿ ತುಂಬ ಒಯ್ಯುತ್ತಿದ್ದರು. ಈಗ ಎಷ್ಟೋ ಹೊಲಗಳಲ್ಲಿ ಸೋಯಾ ಒಂದೇ, ಕಬ್ಬು ಒಂದೇ. ಕೈಗೆ ರೊಕ್ಕ ಬರುತ್ತದೆ, ನಿಜ. ಆದರೆ ಹಬ್ಬದ ಹಿಂದಿನ ದಿನ ಹೊಲವಿದ್ದ ಮನೆಯಾಕೆಯೂ ಬಜಾರಿನಲ್ಲಿ ನಿಂತು ಕಾಳಿಗೆ ಚೌಕಾಶಿ ಮಾಡುತ್ತಾಳೆ. ಉಡಿ ತುಂಬುತ್ತಿದ್ದವಳ ಉಡಿ ಬರಿದು.

ಹೊಲದ ಲೆಕ್ಕ ಗಂಡಸರದು ಎಂದು ನಾವು ಸುಮ್ಮನಿರಬೇಕೇ? ಬಿತ್ತನೆಗೆ ಮೊದಲು ಮನೆಯಲ್ಲಿ ಕೇಳಿ, ನಾಲ್ಕು ಸಾಲು ಜೋಳ, ಒಂದು ಸಾಲು ಅವರೆ ಬಿಡಿಸಿಕೊಳ್ಳಿ. ಹೊಲ ಇಲ್ಲದವರು ಹಿತ್ತಲಲ್ಲಿ ಒಂದು ಮಡಿ ಮೆಂತ್ಯ ಹಾಕಿ. ಹಬ್ಬಕ್ಕೆ ಹೊಲವಿಲ್ಲದ ನೆರೆಯವರನ್ನು ಕರೆಯುವುದನ್ನು ಮಾತ್ರ ಮರೆಯಬೇಡಿ. ಭಜ್ಜಿಯನ್ನು ಸಣ್ಣ ಪಾತ್ರೆಯಲ್ಲಿ ಮಾಡಿದರೆ ರುಚಿ ಹತ್ತುವುದಿಲ್ಲ.